ಸೊಪ್ಪು ತಿನ್ನದ, ನೀರಿಗಿಳಿಯದ ಬಡ್ಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಡ್ಜಿ ಎಂದರೆ ಪಂಜರದಲ್ಲಿ ಸಾಕುವ ಪುಟ್ಟ ಗಿಳಿ. ನಮ್ಮ ಮನೆಗೆ ಬಂದ ಮೊದಲ ಬಡ್ಜಿ ಒಂದು ಹಸಿರು ಗಂಡು. ಏಳು ತಿಂಗಳು ಅದು ಒಣ ಕಾಳು ಬಿಟ್ಟು ಬೇರೇನನ್ನೂ ಬಾಯಿಗಿಡಲಿಲ್ಲ. ಕ್ಯಾರೆಟ್ ಚೂರು ಕಂಡರೆ ಪಂಜರದ ಆ ತುದಿಗೆ ಹೋಗಿ ಕೂರುತ್ತಿತ್ತು. ಸ್ನಾನಕ್ಕೆಂದು ನೀರಿನ ತಟ್ಟೆ ಇಟ್ಟ ದಿನ ಮೇಲಿನ ಕೋಲಿನಿಂದ ಕೆಳಗೇ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ತೊಳೆದ ಕೊತ್ತಂಬರಿ ಕಟ್ಟನ್ನು ಪಂಜರದ ಮೇಲಿಟ್ಟು, ಫೋನ್ ಬಂತೆಂದು ಆಚೆ ಹೋದೆ. ವಾಪಸ್ ಬಂದಾಗ ಸರಳಿನ ಸಂದಿಯಿಂದ ಇಳಿಬಿದ್ದ ಒದ್ದೆ ಎಲೆಗೆ ಅದು ತಲೆ ತಿಕ್ಕುತ್ತಿತ್ತು. ನಡುನಡುವೆ ಎಲೆಯ ಅಂಚು ಕಡಿಯುತ್ತಿತ್ತು. ಊಟ, ಸ್ನಾನ ಎರಡೂ ಒಟ್ಟಿಗೇ ಶುರುವಾದವು. ಆಮೇಲೆ ಬಂದ ಹಕ್ಕಿಗಳಿಗೂ ನಾನು ಒದ್ದೆ ಎಲೆಯಿಂದಲೇ ಶುರು ಮಾಡಿದ್ದೇನೆ. ಅದಕ್ಕೇ ಈ ಎರಡೂ ವಿಷಯದ ಪ್ರಶ್ನೆಗಳನ್ನು ಇಲ್ಲಿ ಒಂದೇ ಕಡೆ ಇಟ್ಟಿದ್ದೇನೆ.

ಕಾಳು ತಿಂದುಕೊಂಡು ಚೆನ್ನಾಗಿಯೇ ಇದೆಯಲ್ಲ, ಸೊಪ್ಪು ತರಕಾರಿ ಯಾಕೆ ಬೇಕು?

ಚೆನ್ನಾಗಿರುವ ಹಾಗೆ ಕಾಣುತ್ತದೆ, ನಿಜ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ. ಹಿಂಡಿನಲ್ಲಿ ಸೊರಗಿದಂತೆ ಕಂಡ ಹಕ್ಕಿಯ ಮೇಲೆ ಗಿಡುಗನ ಕಣ್ಣು ಮೊದಲು ಬೀಳುತ್ತದೆ, ಅಲ್ವಾ?

ಬಡ್ಜಿಗಳ ಮೂಲ ನೆಲೆ ಆಸ್ಟ್ರೇಲಿಯಾದ ಒಣ ಒಳನಾಡು. ಅಲ್ಲಿ ಅವು ಹುಲ್ಲಿನ ಬೀಜ ತಿಂದು ಬದುಕುತ್ತವೆ. ಆದರೆ ಅದರಲ್ಲಿ ಒಣಗಿದ ಬೀಜದ ಜೊತೆ ಇನ್ನೂ ಹಾಲು ತುಂಬಿದ ಎಳೆ ಬೀಜವೂ ಇರುತ್ತದೆ, ಹಸಿರೂ ಇರುತ್ತದೆ. ನೀರು, ಮೇವು ಹುಡುಕಿಕೊಂಡು ಅವು ತುಂಬಾ ದೂರ ಹಾರುತ್ತವೆ. ಪಂಜರದ ಹಕ್ಕಿಗೆ ಆ ಹಾರಾಟ ಇಲ್ಲ, ಆ ಹಸಿರೂ ಇಲ್ಲ. ಉಳಿದದ್ದು ಬಟ್ಟಲು ತುಂಬಾ ಒಣ ಕಾಳು ಮಾತ್ರ.

ಒಣ ಕಾಳಿನಲ್ಲಿ ಕೊಬ್ಬು ಜಾಸ್ತಿ, ಅದರಲ್ಲೂ ಸೂರ್ಯಕಾಂತಿಯಲ್ಲಿ. ಎ ವಿಟಮಿನ್, ಕ್ಯಾಲ್ಸಿಯಂ, ಅಯೋಡಿನ್ ಮೂರೂ ಕಡಿಮೆ. ಎ ವಿಟಮಿನ್ ಸಾಲದಿದ್ದರೆ ಮೂಗು, ಬಾಯಿ, ಉಸಿರಿನ ದಾರಿಯ ಒಳಪದರ ಬಲ ಕಳೆದುಕೊಂಡು ಸೋಂಕು ಸುಲಭವಾಗಿ ತಗಲುತ್ತದೆ. ಅಯೋಡಿನ್ ಸಾಲದಿದ್ದರೆ ಥೈರಾಯ್ಡ್ ಗ್ರಂಥಿ ಊದಿ ಉಸಿರಿನ ಕೊಳವೆಯನ್ನು ಒತ್ತುತ್ತದೆ. ಹಕ್ಕಿ ಉಸಿರಾಡುವಾಗ ಸಣ್ಣ ಕೀಚು ಸದ್ದು ಬರುವುದು ಇದರ ಒಂದು ಲಕ್ಷಣ. ಕೊಬ್ಬು ಜಾಸ್ತಿಯಾದರೆ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ, ಚರ್ಮದ ಕೆಳಗೆ ಗಂಟುಗಳೂ ಏಳುತ್ತವೆ. ಇವು ವರ್ಷಗಟ್ಟಲೆ ಒಳಗೊಳಗೇ ಬೆಳೆಯುವ ತೊಂದರೆಗಳು. ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಸೊಪ್ಪು ಕಂಡರೆ ಓಡಿಹೋಗುತ್ತದೆ. ಇಷ್ಟವಿಲ್ಲ ಅಂತ ಬಿಟ್ಟುಬಿಡಲಾ?

ಬಿಡಬೇಡಿ. ರುಚಿಯನ್ನೇ ನೋಡದ ಹಕ್ಕಿಗೆ ಅದು ಇಷ್ಟವೋ ಇಲ್ಲವೋ ಎಂದು ಹೇಗೆ ಗೊತ್ತಾಗಬೇಕು? ಅದು ಹೆದರಿದೆ, ಅಷ್ಟೇ. ಯಾವುದು ಆಹಾರ ಎಂಬುದನ್ನು ಬಡ್ಜಿ ಮರಿಯಾಗಿದ್ದಾಗ ಅಪ್ಪ ಅಮ್ಮನನ್ನು, ಹಿಂಡನ್ನು ನೋಡಿ ಕಲಿಯುತ್ತದೆ. ಬರೀ ಕಾಳು ತಿನ್ನುವ ಹಕ್ಕಿಗಳ ನಡುವೆ ಬೆಳೆದ ಮರಿಗೆ ಕಿತ್ತಳೆ ಬಣ್ಣದ ಕ್ಯಾರೆಟ್ ಎಂದರೆ ಯಾವುದೋ ಗುರುತಿಲ್ಲದ ವಸ್ತು. ಬೇಟೆಗೆ ಸಿಕ್ಕಿಬೀಳುವ ಜೀವಿ ಗುರುತಿಲ್ಲದ ವಸ್ತುವಿನಿಂದ ದೂರ ನಿಲ್ಲುವುದು ಸಹಜ.

ಇನ್ನೊಂದು ವಿಷಯ. ಗಿಳಿ ಜಾತಿಯ ಹಕ್ಕಿಗಳ ನಾಲಿಗೆಯಲ್ಲಿ ರುಚಿ ತಿಳಿಯುವ ಮೊಗ್ಗುಗಳು ನಮಗಿಂತ ತುಂಬಾ ಕಡಿಮೆ. ಕಣ್ಣು ಮಾತ್ರ ನಮ್ಮದಕ್ಕಿಂತ ಚುರುಕು. ನಾವು ಕಾಣಲಾರದ ಅತಿನೇರಳೆ ಬೆಳಕನ್ನೂ ಅವು ಕಾಣುತ್ತವೆ. ಹಾಗಾಗಿ ಬಡ್ಜಿಗೆ ಆಹಾರದ ಬಣ್ಣ, ಆಕಾರ, ಬಾಯಿಗೆ ತಗಲುವ ರೀತಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ತುರಿದ ಕ್ಯಾರೆಟ್ ಬೇರೆ, ಬಿಲ್ಲೆ ಮಾಡಿದ ಕ್ಯಾರೆಟ್ ಬೇರೆ. ಒಂದನ್ನು ಬೇಡ ಎಂದ ಹಕ್ಕಿ ಇನ್ನೊಂದನ್ನು ತಿನ್ನಬಹುದು.

ಎಷ್ಟು ದಿನ ಹಿಡಿಯುತ್ತದೆ?

ಕೆಲವು ಎರಡನೇ ದಿನವೇ ತಿನ್ನುತ್ತವೆ. ಕೆಲವಕ್ಕೆ ತಿಂಗಳುಗಳು ಬೇಕು. ಹೆಚ್ಚಿನವರು ಒಂದು ವಾರ ಇಟ್ಟು, ತಿನ್ನಲಿಲ್ಲ ಎಂದು ನಿಲ್ಲಿಸುತ್ತಾರೆ. ಅಷ್ಟರಲ್ಲಿ ಹಕ್ಕಿಗೆ ಆ ವಸ್ತು ಕಂಡು ಹೆದರಿಕೆ ಕಡಿಮೆಯಾಗಲು ಶುರುವಾಗಿರುತ್ತದೆ, ಅಷ್ಟೇ. ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಇಡಿ. ತಿನ್ನದಿದ್ದರೂ ಇಡಿ.

ಎಲ್ಲಿಂದ ಶುರು ಮಾಡಲಿ?

ನನ್ನ ಉತ್ತರ ಆಗಲೇ ಹೇಳಿದ್ದೇ: ಒದ್ದೆ ಎಲೆ. ಕಾಡಿನ ಬಡ್ಜಿಗಳು ಇಬ್ಬನಿ, ಮಳೆಗೆ ನೆನೆದ ಹುಲ್ಲಿನಲ್ಲಿ ಮೈ ತೋಯಿಸಿಕೊಳ್ಳುತ್ತವೆ. ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದದ್ದು 1840ರಲ್ಲಿ. ಅಂದರೆ ಈ ಹಕ್ಕಿ ಮನುಷ್ಯರ ಮನೆ ಸೇರಿ 200 ವರ್ಷವೂ ಆಗಿಲ್ಲ. ನೆನೆದ ಹಸಿರು ಕಂಡರೆ ಅದರೊಳಗಿನ ಹಳೆಯ ಬುದ್ಧಿ ಇನ್ನೂ ಎಚ್ಚರಗೊಳ್ಳುತ್ತದೆ.

ಮೊದಲು ಕೊತ್ತಂಬರಿಯನ್ನೋ ಅಗಲ ಎಲೆಯ ಲೆಟ್ಯೂಸನ್ನೋ ಚೆನ್ನಾಗಿ ತೊಳೆಯಿರಿ. ನೀರು ಒರೆಸಬೇಡಿ, ಎಲೆ ತೊಟ್ಟಿಕ್ಕುತ್ತಲೇ ಇರಲಿ. ಮೊದಲ ಎರಡು ಮೂರು ದಿನ ಅದನ್ನು ಪಂಜರದ ಹೊರಗೆ, ಹಕ್ಕಿಗೆ ಕಾಣುವ ದೂರದಲ್ಲಿ ಇಡಿ. ಹಕ್ಕಿ ಮೈ ಬಿಗಿಹಿಡಿದು, ಕತ್ತು ಉದ್ದ ಮಾಡಿ, ಎವೆಯಿಕ್ಕದೆ ನೋಡುತ್ತಿದ್ದರೆ ಇನ್ನೂ ದೂರ ಸರಿಸಿ. ಅದು ತನ್ನ ಪಾಡಿಗೆ ಗರಿ ತೀಡಿಕೊಳ್ಳಲು, ಚಿಲಿಪಿಲಿ ಎನ್ನಲು ಶುರು ಮಾಡಿದರೆ ಹತ್ತಿರ ತರಬಹುದು. ಆಮೇಲೆ ಬಟ್ಟೆ ಕ್ಲಿಪ್ಪಿನಿಂದ ಎಲೆಯನ್ನು ಪಂಜರದ ಸರಳಿಗೆ ಒಳಮೈಯಲ್ಲಿ ಸಿಕ್ಕಿಸಿ. ಹಕ್ಕಿ ಹೆಚ್ಚು ಹೊತ್ತು ಕೂರುವ ಕೋಲಿನ ಪಕ್ಕ, ಅದರ ತಲೆಯ ಮಟ್ಟಕ್ಕೆ ಇರಲಿ. ಆದರೆ ಕಾಳಿನ ಬಟ್ಟಲಿಗೆ ಹೋಗುವ ದಾರಿಗೆ ಅಡ್ಡ ಬರಬಾರದು. ದಾರಿಯಲ್ಲಿ ಹೆದರಿಕೆಯ ವಸ್ತು ಇದ್ದರೆ ಕೆಲವು ಹಕ್ಕಿಗಳು ಕಾಳು ತಿನ್ನುವುದನ್ನೇ ಬಿಡುತ್ತವೆ.

ಸಿಕ್ಕಿಸಿ ಅಲ್ಲಿಂದ ಹೋಗಿಬಿಡಿ. ಎದುರಿಗೆ ನಿಂತು ದಿಟ್ಟಿಸಿ ನೋಡುವುದು ಬೇಡ. ನೇರ ನೋಟ ಹಕ್ಕಿಗೆ ಹೆದರಿಕೆ ತರುತ್ತದೆ. ಕೋಣೆಯ ಇನ್ನೊಂದು ಕಡೆ ಏನಾದರೂ ಕೆಲಸ ಮಾಡಿಕೊಂಡಿರಿ. ಅದು ಮೊದಲು ಎಲೆಯ ನೀರು ಕುಡಿಯಬಹುದು. ಆಮೇಲೆ ಎಲೆ ಹರಿದು ಕೆಳಗೆ ಹಾಕಬಹುದು. ಹರಿಯುವುದೂ ಒಳ್ಳೆಯದೇ, ಕೊಕ್ಕಿಗೆ ರಸ ತಗಲುತ್ತದಲ್ಲ. ಕ್ಲಿಪ್ಪಿನಲ್ಲಿ ಎಲೆಯ ಜೊತೆ ಒಂದು ಸಣ್ಣ ನವಣೆ ತೆನೆಯನ್ನೂ ಸೇರಿಸಿ ಸಿಕ್ಕಿಸಿದರೆ ಕೆಲಸ ಬೇಗ ಆಗುತ್ತದೆ. ತೆನೆಗೆ ಬಾಯಿ ಹಾಕಿದ ಹಕ್ಕಿಯ ಕೆನ್ನೆಗೆ ಎಲೆ ತಗಲುತ್ತದೆ. ಎರಡು ದಿನದಲ್ಲಿ ಎಲೆ ಪರಿಚಯದ ವಸ್ತು ಆಗುತ್ತದೆ. ಕೀಟನಾಶಕ ಹೊಡೆಯದ ಜಾಗದಲ್ಲಿ ಬೆಳೆದ, ಎಳೆ ತೆನೆ ಬಿಟ್ಟ ಹುಲ್ಲು ಸಿಕ್ಕರಂತೂ ಅದಕ್ಕಿಂತ ಒಳ್ಳೆಯ ಮೊದಲ ತುತ್ತು ಇಲ್ಲ.

ಕಾಳು ತೆಗೆದು ಒಂದು ದಿನ ಹಸಿವಾಗಲು ಬಿಟ್ಟರೆ ತಿನ್ನುತ್ತದಲ್ಲವೇ?

ದಯವಿಟ್ಟು ಹಾಗೆ ಮಾಡಬೇಡಿ. ಈ ಪುಟದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ. ಸಾಮಾನ್ಯ ಬಡ್ಜಿಯ ತೂಕ 30ರಿಂದ 40 ಗ್ರಾಂ. ಇಷ್ಟು ಚಿಕ್ಕ ದೇಹ ತಿಂದದ್ದನ್ನು ಬಹಳ ಬೇಗ ಖರ್ಚು ಮಾಡುತ್ತದೆ. ಒಂದು ದಿನ ಏನೂ ತಿನ್ನದಿದ್ದರೆ ಅದರ ಜೀವಕ್ಕೇ ಅಪಾಯ. ಗುರುತಿಲ್ಲದ ವಸ್ತುವನ್ನು ಅದು ಹಸಿವಾದರೂ ಆಹಾರ ಎಂದು ತಿಳಿಯುವುದಿಲ್ಲ, ಎದುರಿಗೆ ತರಕಾರಿ ಇದ್ದರೂ ಉಪವಾಸ ಬೀಳುತ್ತದೆ.

ಬಡ್ಜಿ ಬೆಳಿಗ್ಗೆ ಎದ್ದಾಗ ಸಹಜವಾಗಿಯೇ ಹಸಿದಿರುತ್ತದೆ. ಅದನ್ನು ಬಳಸಿಕೊಳ್ಳಿ. ಬೆಳಕಾದ ಮೇಲೆ ಮೊದಲು ತಾಜಾ ಆಹಾರ ಇಡಿ. ಒಂದು ಗಂಟೆಯ ನಂತರ ಎಂದಿನಂತೆ ಕಾಳು ಇಡಿ. ತಿಂದರೂ ಇಡಿ, ತಿನ್ನದಿದ್ದರೂ ಇಡಿ. ದಿನಕ್ಕೆ ಒಂದು ಹಕ್ಕಿಗೆ ಒಂದೂವರೆಯಿಂದ ಎರಡು ಟೀ ಚಮಚ ಕಾಳು ಸಾಕಾಗುತ್ತದೆ. ಬಟ್ಟಲು ಇಡೀ ದಿನ ತುಂಬಿ ತುಳುಕುತ್ತಿದ್ದರೆ ಹೊಸದನ್ನು ನೋಡುವ ಗೋಜಿಗೇ ಅದು ಹೋಗುವುದಿಲ್ಲ.

ಬಟ್ಟಲನ್ನು ಊದಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಡ್ಜಿ ಕಾಳು ಬಿಡಿಸಿ ತಿಂದು ಹೊಟ್ಟನ್ನು ಅಲ್ಲೇ ಬಿಡುತ್ತದೆ. ಮೇಲಿಂದ ನೋಡಿದರೆ ಬಟ್ಟಲು ತುಂಬಿದಂತೆ ಕಾಣುತ್ತದೆ, ಒಳಗೆ ಬರೀ ಹೊಟ್ಟು. ಹೀಗೆ ಹಸಿವಿನಿಂದ ಸತ್ತ ಹಕ್ಕಿಗಳಿವೆ.

ಆಹಾರ ಬದಲಾಯಿಸುವ ದಿನಗಳಲ್ಲಿ ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯಲ್ಲಿ ದಿನವೂ ಬೆಳಿಗ್ಗೆ ತೂಕ ನೋಡಿ. ತಕ್ಕಡಿ ಮೇಲೆ ಒಂದು ಕೋಲು ಇಟ್ಟು, ಅದಕ್ಕೆ ನವಣೆ ತೆನೆ ಸಿಕ್ಕಿಸಿದರೆ ಹಕ್ಕಿ ತಾನಾಗೇ ಬಂದು ಕೂರುತ್ತದೆ. 35 ಗ್ರಾಂ ಇದ್ದ ಹಕ್ಕಿ ಮೂರು ನಾಲ್ಕು ಗ್ರಾಂ ಇಳಿದರೆ ಅದು ಮೈ ತೂಕದ ಹತ್ತನೇ ಒಂದು ಭಾಗ. ಆಗ ಪ್ರಯೋಗ ನಿಲ್ಲಿಸಿ, ಹಳೆಯ ಕಾಳಿಗೇ ಮರಳಿ, ಡಾಕ್ಟರಿಗೆ ತೋರಿಸಿ.

ಹೇಗೆ ಹೆಚ್ಚಿ ಕೊಡಬೇಕು?

ಎಲ್ಲ ರೀತಿಯಲ್ಲೂ ಕೊಟ್ಟು ನೋಡಿ. ಕಾಳಿನಷ್ಟು ಸಣ್ಣಗೆ ಹೆಚ್ಚಿದ್ದು ಕೆಲವಕ್ಕೆ ಇಷ್ಟ. ತೂಗುಹಾಕಿದ ದೊಡ್ಡ ತುಂಡನ್ನು ಕಡಿಯುವುದು ಇನ್ನು ಕೆಲವಕ್ಕೆ. ಸಣ್ಣಗೆ ಹೆಚ್ಚಿದ ತರಕಾರಿಯ ಮೇಲೆ ಸ್ವಲ್ಪ ಕಾಳು ಉದುರಿಸಿ. ತೇವಕ್ಕೆ ಕಾಳು ಅಂಟಿಕೊಳ್ಳುತ್ತದೆ. ಕಾಳು ಆರಿಸುವಾಗ ತರಕಾರಿಯೂ ಬಾಯಿಗೆ ಹೋಗುತ್ತದೆ. ವಾರ ಕಳೆದಂತೆ ಕಾಳು ಕಡಿಮೆ, ತರಕಾರಿ ಜಾಸ್ತಿ ಮಾಡುತ್ತಾ ಬನ್ನಿ.

ಬಟ್ಟಲಿಗಿಂತ ಚಪ್ಪಟೆ ತಟ್ಟೆ ಒಳ್ಳೆಯದು. ಬಡ್ಜಿಗಳು ಕಾಡಿನಲ್ಲಿ ಹೆಚ್ಚಾಗಿ ನೆಲದ ಮೇಲೆ ಓಡಾಡಿಕೊಂಡು ಮೇಯುತ್ತವೆ. ಆಳವಾದ ಬಟ್ಟಲಿನೊಳಗೆ ತಲೆ ಹಾಕಿ ಹುಡುಕಲು ಹೊಸ ಹಕ್ಕಿಗಳು ಹಿಂಜರಿಯುತ್ತವೆ. ತಟ್ಟೆಯಲ್ಲಿ ಹರಡಿದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ನೀವೂ ಅದೇ ತಟ್ಟೆಯ ಪಕ್ಕ ಕೂತು, ನಿಮ್ಮ ಕೈಲಿರುವ ಕ್ಯಾರೆಟ್ಟನ್ನು ಸದ್ದು ಮಾಡಿಕೊಂಡು ತಿನ್ನಿ. ಪಳಗಿದ ಹಕ್ಕಿಗೆ ನೀವೇ ಹಿಂಡು. ಹಿಂಡು ತಿನ್ನುತ್ತಿರುವುದನ್ನು ಅದು ಗಮನಿಸದೆ ಇರುವುದಿಲ್ಲ.

ಯಾವ ತರಕಾರಿ ಕೊಡಬಹುದು?

ಕ್ಯಾರೆಟ್, ಕೆಂಪು ದಪ್ಪ ಮೆಣಸಿನಕಾಯಿ, ಸಿಹಿಗುಂಬಳ, ಬೇಯಿಸಿದ ಸಿಹಿ ಗೆಣಸು. ಇವುಗಳ ಬಣ್ಣದಲ್ಲಿರುವ ಅಂಶದಿಂದಲೇ ದೇಹ ಎ ವಿಟಮಿನ್ ಮಾಡಿಕೊಳ್ಳುತ್ತದೆ. ಬ್ರೊಕೊಲಿಯ ಹೂವಿನ ಭಾಗ ಪುಟ್ಟ ಪುಟ್ಟ ಕಾಳಿನಂತೆ ಕಾಣುವುದರಿಂದ ಹಟಮಾರಿ ಹಕ್ಕಿಗಳೂ ಅದಕ್ಕೆ ಬಾಯಿ ಹಾಕುತ್ತವೆ. ಹಸಿ ಬಟಾಣಿ, ಎಳೆ ಜೋಳ, ಸೌತೆಕಾಯಿ, ಕೇಲ್, ಕೊತ್ತಂಬರಿ ಎಲ್ಲ ಆಗುತ್ತದೆ. ಸೌತೆಕಾಯಿಯಲ್ಲಿ ನೀರೇ ಜಾಸ್ತಿ, ಅದು ತಿನ್ನುವ ಅಭ್ಯಾಸಕ್ಕೆ ಮಾತ್ರ. ಪಾಲಕ್ ಅಪರೂಪಕ್ಕೆ ಸಾಕು. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಸೇರದಂತೆ ತಡೆಯುತ್ತದೆ. ಯಾವುದಕ್ಕೂ ಉಪ್ಪು, ಎಣ್ಣೆ, ಒಗ್ಗರಣೆ ಬೇಡ.

ಹಣ್ಣು?

ಸಕ್ಕರೆ ಜಾಸ್ತಿ ಇರುವುದರಿಂದ ವಾರದಲ್ಲಿ ಒಂದೆರಡು ಸಲ, ಉಗುರಿನಷ್ಟು ತುಂಡು. ಸೇಬು ಕೊಟ್ಟರೆ ಬೀಜ ಪೂರ್ತಿ ತೆಗೆದಿರಬೇಕು.

ಯಾವುದನ್ನು ಕೊಡಲೇಬಾರದು?

ಬೆಣ್ಣೆಹಣ್ಣು, ಅಂದರೆ ಅವಕಾಡೊ. ಅದರಲ್ಲಿರುವ ಪರ್ಸಿನ್ ಎಂಬ ವಿಷ ಹಕ್ಕಿಯ ಹೃದಯಕ್ಕೆ ಹೊಡೆತ ಕೊಡುತ್ತದೆ. ಸ್ವಲ್ಪವೇ ಸಾಕು, ಜೀವ ಹೋಗಬಹುದು. ಚಾಕೊಲೇಟ್, ಕಾಫಿ, ಟೀ, ಮದ್ಯ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಸೇಬಿನ ಬೀಜ, ಚೆರ್ರಿ, ಪ್ಲಮ್, ಏಪ್ರಿಕಾಟ್ ಹಣ್ಣುಗಳ ಗೊರಟು ಬೇಡ, ಅವುಗಳಿಂದ ಸಯನೈಡ್ ಹುಟ್ಟುತ್ತದೆ. ಬೇಯಿಸದ ಒಣ ಬೀನ್ಸ್ ಕಾಳು, ಟೊಮೆಟೊ ಗಿಡದ ಎಲೆ ಕಾಂಡ, ಉಪ್ಪು ಹಾಕಿದ ಕುರುಕಲು ತಿಂಡಿ ಇವೂ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಅವರಿಗೂ ಹೇಳಿಡಿ. ಮಕ್ಕಳು ಪ್ರೀತಿಯಿಂದ ತಮ್ಮ ಕೈಲಿದ್ದುದನ್ನೇ ಕೊಟ್ಟುಬಿಡುತ್ತಾರೆ.

ಮೊಳಕೆ ಕಾಳು ಕೊಡಬಹುದಾ?

ಕೊಡಬಹುದು. ಕಾಳು ಬಿಟ್ಟು ಬೇರೇನೂ ಬೇಡ ಎನ್ನುವ ಹಕ್ಕಿಗೆ ಇದು ಒಳ್ಳೆಯ ಸೇತುವೆ. ಅದು ದಿನವೂ ತಿನ್ನುವ ನವಣೆ, ಬರಗು ಕಾಳನ್ನೇ ನೆನೆಸಿ, ಮೊಳಕೆಯ ಬಿಳಿ ತುದಿ ಕಂಡ ಕೂಡಲೇ ಕೊಡಿ. ಪರಿಚಯದ ಕಾಳು, ಆದರೆ ತೇವ, ಮೆತ್ತಗೆ. ಒದ್ದೆ ಆಹಾರ ಬಾಯಿಗೆ ಹೇಗಿರುತ್ತದೆ ಎಂದು ಅದು ಇಲ್ಲಿ ಕಲಿಯುತ್ತದೆ. ಮೊಳಕೆ ಬರುವವರೆಗೆ ದಿನಕ್ಕೆ ಎರಡು ಮೂರು ಸಲ ನೀರು ಬದಲಿಸಿ ತೊಳೆಯಬೇಕು. ಲೋಳೆಯಾದರೆ, ಹುಳಿ ವಾಸನೆ ಬಂದರೆ, ಬೂಷ್ಟು ಕಂಡರೆ ಎಸೆದುಬಿಡಿ. ಯೋಚಿಸಲೂ ಬೇಡಿ. ಬಣ್ಣ ಅಥವಾ ಔಷಧ ಸವರಿದ ಬಿತ್ತನೆ ಬೀಜವನ್ನು ಇದಕ್ಕೆ ಬಳಸಬಾರದು.

ಕಚ್ಚುತ್ತದೆ, ತಲೆ ಕೊಡವಿ ಉಗುಳುತ್ತದೆ. ವ್ಯರ್ಥ ಅಲ್ವಾ?

ಅಲ್ಲವೇ ಅಲ್ಲ. ಓಡಿಹೋಗುತ್ತಿದ್ದ ಹಕ್ಕಿ ಈಗ ಬಾಯಿಗೆ ಹಾಕಿಕೊಂಡಿದೆ! ಇಲ್ಲಿಂದ ನುಂಗುವ ದಿನ ದೂರವಿಲ್ಲ. ಅದೇ ತರಕಾರಿಯನ್ನು, ಅದೇ ಆಕಾರದಲ್ಲಿ ಇನ್ನೂ ಕೆಲವು ದಿನ ಮುಂದುವರಿಸಿ.

ತಾಜಾ ಆಹಾರ ಎಷ್ಟು ಹೊತ್ತು ಇಡಬಹುದು?

ಸೆಕೆ ಇದ್ದರೆ ಎರಡು ಗಂಟೆ. ತಂಪಿದ್ದರೆ ಸ್ವಲ್ಪ ಜಾಸ್ತಿ. ಬಾಡಿದ್ದನ್ನು ಸಂಜೆವರೆಗೆ ಬಿಡಬೇಡಿ.

ಸೊಪ್ಪು ತಿಂದ ಮೇಲೆ ಹಿಕ್ಕೆ ನೀರಾಗಿದೆ. ಭೇದಿಯಾ?

ಹೆಚ್ಚಿನ ಸಲ ಅಲ್ಲ. ಬಡ್ಜಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ. ಹಸಿರು ಅಥವಾ ಕಂದು ಬಣ್ಣದ ಸುರುಳಿ, ಬಿಳಿಯ ಸುಣ್ಣದಂಥ ಭಾಗ, ಸುತ್ತ ಸ್ವಲ್ಪ ತಿಳಿ ನೀರು. ನೀರಿನಂಶದ ಆಹಾರ ತಿಂದಾಗ ಮೂರನೆಯದು ಜಾಸ್ತಿಯಾಗುತ್ತದೆ, ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ. ಸುರುಳಿ ಗಟ್ಟಿಯಾಗಿ ಬೇರೆಯೇ ಕಾಣುತ್ತಿದ್ದರೆ ಗಾಬರಿ ಬೇಡ. ಆ ಸುರುಳಿಯೇ ಕದಡಿ ನೀರಾಗಿದ್ದರೆ, ಹಿಂಭಾಗದ ಪುಕ್ಕಕ್ಕೆ ಅಂಟಿಕೊಂಡಿದ್ದರೆ, ಹಕ್ಕಿ ಮೈ ಉಬ್ಬಿಸಿಕೊಂಡು ತೂಕಡಿಸುತ್ತಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಬೀಟ್‌ರೂಟ್ ತಿಂದ ದಿನ ಹಿಕ್ಕೆ ಕೆಂಪಾಗುತ್ತದೆ. ಗೊತ್ತಿಲ್ಲದಿದ್ದರೆ ರಕ್ತ ಎಂದು ಎದೆ ಧಸಕ್ಕೆನ್ನುತ್ತದೆ, ನನಗೂ ಹಾಗೇ ಆಗಿತ್ತು.

ಇಷ್ಟೆಲ್ಲ ಯಾಕೆ, ನೀರಿಗೆ ವಿಟಮಿನ್ ಹನಿ ಹಾಕಿದರೆ ಸಾಲದೇ?

ನಾನು ಹಾಕುವುದಿಲ್ಲ. ನೀರಿನ ರುಚಿ ಬದಲಾಗಿ ಹಕ್ಕಿ ಕಡಿಮೆ ಕುಡಿಯಬಹುದು, ನೀರಿನಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ, ಎಷ್ಟು ವಿಟಮಿನ್ ಹೊಟ್ಟೆಗೆ ಹೋಯಿತು ಎಂಬ ಲೆಕ್ಕವೂ ಸಿಗುವುದಿಲ್ಲ. ಡಾಕ್ಟರ್ ಬರೆದುಕೊಟ್ಟರೆ ಅದು ಬೇರೆ ಮಾತು. ಕಟಲ್ ಬೋನ್ (ಕಟಲ್ ಮೀನಿನ ಸುಣ್ಣದಂಥ ಒಳಚಿಪ್ಪು) ಮತ್ತು ಅಯೋಡಿನ್ ಇರುವ ಮಿನರಲ್ ಬ್ಲಾಕ್ (ಹಕ್ಕಿ ಕಡಿಯುವ ಖನಿಜದ ಗಟ್ಟಿ) ಪಂಜರದಲ್ಲಿ ಸದಾ ಇರಲಿ. ಪೆಲೆಟ್, ಅಂದರೆ ಹಕ್ಕಿಗೆಂದೇ ತಯಾರಿಸಿದ ಸಣ್ಣ ಗುಳಿಗೆಯಂಥ ಆಹಾರ, ಕೂಡ ಒಳ್ಳೆಯದೇ. ಅದನ್ನೂ ಕಾಳಿನ ಜೊತೆ ಚಿಟಿಕೆ ಚಿಟಿಕೆಯಾಗಿ ಬೆರೆಸಿ, ತೂಕ ನೋಡಿಕೊಂಡೇ ಅಭ್ಯಾಸ ಮಾಡಿಸಬೇಕು.

ಎರಡು ಹಕ್ಕಿ ಇವೆ. ಒಂದು ತಿನ್ನುತ್ತದೆ, ಇನ್ನೊಂದು ತಿನ್ನುವುದಿಲ್ಲ.

ನಿಮ್ಮ ಅರ್ಧ ಕೆಲಸ ಆಗಿದೆ. ತಿನ್ನುವ ಹಕ್ಕಿಯೇ ಗುರು. ಎರಡು ಕಡೆ ಎಲೆ ಸಿಕ್ಕಿಸಿ, ಜಗಳವಾಗದಂತೆ ನೋಡಿಕೊಳ್ಳಿ, ಸಾಕು.

ಬಡ್ಜಿಗೆ ಸ್ನಾನ ನಿಜಕ್ಕೂ ಬೇಕಾ?

ಸ್ನಾನ ಮಾಡದಿದ್ದರೆ ಸಾಯುವುದಿಲ್ಲ. ಆದರೆ ಗರಿಗಳಿಗೆ ಅದರಿಂದ ತುಂಬಾ ಸಹಾಯವಿದೆ. ಬಾಲದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಹಕ್ಕಿ ಅದರ ಎಣ್ಣೆಯನ್ನು ಕೊಕ್ಕಿನಿಂದ ಗರಿಗಳಿಗೆ ಹಚ್ಚುತ್ತದೆ. ಮೈ ನೆನೆದಾಗ ಧೂಳು, ಹೊಟ್ಟು ಸಡಿಲವಾಗುತ್ತದೆ. ಹಕ್ಕಿ ಒಂದೊಂದೇ ಗರಿಯನ್ನು ತೀಡಿ ಸರಿಮಾಡಿಕೊಳ್ಳುತ್ತದೆ. ಗರಿ ಉದುರಿ ಹೊಸದು ಬರುವ ಕಾಲದಲ್ಲಿ ಇದು ಇನ್ನೂ ಮುಖ್ಯ. ಹೊಸ ಗರಿ ಮುಳ್ಳಿನಂಥ ಕವಚದೊಳಗೆ ಬರುತ್ತದೆ, ತಲೆಯೆಲ್ಲ ಕಡಿಯುತ್ತಿರುತ್ತದೆ. ತೇವ ತಾಗಿದರೆ ಆ ಕವಚ ಮೆತ್ತಗಾಗಿ ಸುಲಭವಾಗಿ ಬಿಡುತ್ತದೆ.

ತಟ್ಟೆಯಲ್ಲಿ ನೀರಿಟ್ಟರೆ ಕುಡಿದು ಹೋಗುತ್ತದೆ, ಇಳಿಯುವುದಿಲ್ಲ. ಏನು ಮಾಡಲಿ?

ತಟ್ಟೆ ನೋಡಿ. ಆಳ ಇದೆಯಾ? ತಳ ಜಾರುತ್ತದಾ? ಬಡ್ಜಿಗೆ 2 ಸೆಂಟಿಮೀಟರ್ ನೀರು ಸಾಕು, ಕಾಲು ಮುಳುಗಿ ಹೊಟ್ಟೆ ತಾಗುವಷ್ಟು. ಕಾಲಿಗೆ ಹಿಡಿತ ಸಿಗದಿದ್ದರೆ ಅದು ಇಳಿಯುವುದಿಲ್ಲ. ತಳಕ್ಕೆ ಒಂದು ಒರಟು ಬಟ್ಟೆಯನ್ನೋ ಚಪ್ಪಟೆ ಕಲ್ಲನ್ನೋ ಹಾಕಿ. ನೀರು ಕೈಗೆ ಬಿಸಿಯೂ ಅನ್ನಿಸಬಾರದು, ಚಳಿಯೂ ಅನ್ನಿಸಬಾರದು.

ಅದೂ ಆಗಲಿಲ್ಲ ಅಂದರೆ ತಟ್ಟೆಯ ನೀರು ಚೆಲ್ಲಿಬಿಡಿ. ಖಾಲಿ ತಟ್ಟೆಯಲ್ಲಿ ತೊಳೆದ ಲೆಟ್ಯೂಸ್ ಎಲೆಗಳನ್ನು ಹಾಸಿ, ಮೇಲೆ ಒಂದು ಹಿಡಿ ನೀರು ಚಿಮುಕಿಸಿ. ಎಲೆ ತಿನ್ನಲು ಬಂದ ಹಕ್ಕಿಯ ಕಾಲಿಗೆ, ಎದೆಗೆ ತೇವ ತಾಗುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಕತ್ತು ತಗ್ಗಿಸಿ, ರೆಕ್ಕೆ ಅಗಲಿಸಿ, ಎಲೆಯ ಮೇಲೆ ಹೊರಳಾಡಲು ಶುರು ಮಾಡುತ್ತದೆ. ಆ ಗಳಿಗೆಯನ್ನು ನೋಡಲು ಎಷ್ಟು ದಿನ ಕಾದರೂ ಬೇಸರವಿಲ್ಲ. ಆಮೇಲೆ ಎಲೆಯ ಕೆಳಗೆ ದಿನಕ್ಕೆ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡಿ. ಕೆಲವು ಹಕ್ಕಿಗಳು ಕೊನೆಯವರೆಗೂ ಎಲೆಯ ಸ್ನಾನವನ್ನೇ ಇಷ್ಟಪಡುತ್ತವೆ. ಅದೂ ಪೂರ್ತಿ ಸ್ನಾನವೇ.

ನಲ್ಲಿಯಿಂದ ನೀರು ಬೀಳುವ ಸದ್ದು ಕೇಳಿದರೆ ಎಷ್ಟೋ ಬಡ್ಜಿಗಳಿಗೆ ಸ್ನಾನದ ಆಸೆ ಹುಟ್ಟುತ್ತದೆ. ಪಳಗಿದ ಹಕ್ಕಿಯಾದರೆ ನಲ್ಲಿಯನ್ನು ಸಣ್ಣಗೆ ಬಿಟ್ಟು, ಅಂಗೈಯನ್ನು ಬಟ್ಟಲು ಮಾಡಿ ನೀರು ಹಿಡಿಯಿರಿ. ಕೈಯ ಮೇಲೆ ಬಂದು ಕೂತರೆ ಕೂರಲಿ.

ಸ್ಪ್ರೇ ಬಾಟಲಿಯಿಂದ ನೀರು ಹೊಡೆಯಬಹುದಾ?

ಮಂಜಿನಷ್ಟು ಸಣ್ಣ ಹನಿ ಬರುವ ಬಾಟಲಿಯಾದರೆ ಬಳಸಬಹುದು. ಹಕ್ಕಿಯ ಕಡೆ ಗುರಿಯಿಟ್ಟು ಹೊಡೆಯಬೇಡಿ, ಮುಖಕ್ಕಂತೂ ಬೇಡವೇ ಬೇಡ. ಬಾಟಲಿಯನ್ನು ಮೇಲಕ್ಕೆ ಹಿಡಿದು, ಮಳೆಯ ಹಾಗೆ ತಾನಾಗಿ ಕೆಳಗೆ ಬೀಳಲು ಬಿಡಿ. ಪಂಜರದ ಒಂದು ಭಾಗಕ್ಕೆ ಮಾತ್ರ ಬೀಳಲಿ. ಬೇಡ ಅನ್ನಿಸಿದರೆ ಇನ್ನೊಂದು ಕಡೆ ಹೋಗಲು ಜಾಗ ಇರಬೇಕು. ಗರಿ ಬಿಡಿಸಿ, ರೆಕ್ಕೆ ಎತ್ತಿ, ಬಾಲ ಅಗಲ ಮಾಡಿದರೆ ಅದಕ್ಕೆ ಖುಷಿಯಾಗಿದೆ. ಮೈ ಬಿಗಿದು ಸರಳಿಗೆ ಬಡಿದುಕೊಂಡರೆ, ಏದುಸಿರು ಬಿಟ್ಟರೆ ತಕ್ಷಣ ನಿಲ್ಲಿಸಿ. ಕಚ್ಚಿದ್ದಕ್ಕೆ, ಕಿರುಚಿದ್ದಕ್ಕೆ ಶಿಕ್ಷೆಯಾಗಿ ನೀರು ಹೊಡೆಯುವವರಿದ್ದಾರೆ. ಹಾಗೆ ಮಾಡಿದರೆ ಹಕ್ಕಿ ನೀರನ್ನೂ ನಂಬುವುದಿಲ್ಲ, ನಿಮ್ಮನ್ನೂ ನಂಬುವುದಿಲ್ಲ. ಇನ್ನೊಂದು ಮಾತು, ಔಷಧ ಹೊಡೆದ ಬಾಟಲಿಯನ್ನೇ ತೊಳೆದು ಹಕ್ಕಿಗೆ ಬಳಸಬೇಡಿ. ಹಕ್ಕಿಗೆಂದೇ ಹೊಸ ಬಾಟಲಿ ಇರಲಿ.

ಹಿಡಿದು ನೀರಿನಲ್ಲಿ ಅದ್ದಿದರೆ ಅಭ್ಯಾಸವಾಗುವುದಿಲ್ಲವೇ?

ಇಲ್ಲ. ಹೆದರಿಕೆ ಮಾತ್ರ ಅಭ್ಯಾಸವಾಗುತ್ತದೆ.

ಎಷ್ಟು ದಿನಕ್ಕೊಮ್ಮೆ? ಯಾವ ಹೊತ್ತಿಗೆ?

ವಾರಕ್ಕೆ ಎರಡು ಮೂರು ಸಲ ಅವಕಾಶ ಕೊಡಿ. ಬೇಕಾದರೆ ಮಾಡುತ್ತದೆ, ಬೇಡವಾದರೆ ಬಿಡುತ್ತದೆ. ಸೆಕೆಗಾಲದಲ್ಲಿ ದಿನವೂ ಮಾಡುವ ಹಕ್ಕಿಗಳಿವೆ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಮುಗಿಯಲಿ, ಏಕೆಂದರೆ ಒದ್ದೆ ಮೈಯಲ್ಲಿ ರಾತ್ರಿ ಮಲಗಬಾರದು. ಫ್ಯಾನ್, ಎಸಿ, ಕಿಟಕಿಯ ಗಾಳಿ ನೇರವಾಗಿ ಬೀಸದ ಜಾಗ ಇರಲಿ. ಪೂರ್ತಿ ನೆನೆದ ಹಕ್ಕಿಗೆ ಸರಿಯಾಗಿ ಹಾರಲು ಬರುವುದಿಲ್ಲ. ಮೈ ಆರುವವರೆಗೆ ಎತ್ತರದ ಜಾಗಕ್ಕೆ ಬಿಡಬೇಡಿ.

ಸೋಪು, ಶಾಂಪೂ ಸ್ವಲ್ಪ ಹಾಕಬಹುದಾ? ಹೇರ್ ಡ್ರೈಯರಿನಿಂದ ಒಣಗಿಸಬಹುದಾ?

ಎರಡೂ ಬೇಡ. ಸೋಪು ಗರಿಯ ಎಣ್ಣೆಯನ್ನೆಲ್ಲ ತೆಗೆದುಬಿಡುತ್ತದೆ, ಗರಿ ತೀಡುವಾಗ ಹೊಟ್ಟೆಗೂ ಹೋಗುತ್ತದೆ. ಬರೀ ನೀರು ಸಾಕು. ಕೆಲವು ಡ್ರೈಯರುಗಳ ಒಳಗೆ ನಾನ್‌ಸ್ಟಿಕ್ ಲೇಪನ ಇರುತ್ತದೆ. ಅದು ತೀರಾ ಬಿಸಿಯಾದಾಗ ಬರುವ ಹೊಗೆ ನಮ್ಮ ಮೂಗಿಗೆ ತಿಳಿಯದಿದ್ದರೂ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಒಲೆಯ ಮೇಲೆ ಮರೆತ ನಾನ್‌ಸ್ಟಿಕ್ ಬಾಣಲೆಯಿಂದಲೂ ಇದೇ ಅಪಾಯ. ಪಂಜರವನ್ನು ಅಡುಗೆಮನೆಯಿಂದ ದೂರ ಇಡಿ.

ಕುಡಿಯುವ ನೀರಿನಲ್ಲೇ ತಲೆ ಅದ್ದಿ ಸ್ನಾನ ಮಾಡುತ್ತದೆ.

ಅದಕ್ಕೆ ಸ್ನಾನ ಬೇಕಾಗಿದೆ ಎಂದರ್ಥ. ದೊಡ್ಡ ತಟ್ಟೆ ಇಡಿ. ಕುಡಿಯುವ ನೀರು ಕೊಳೆಯಾದರೆ ಆಗಲೇ ಬದಲಿಸಿ.

ಯಾವ ಹಕ್ಕಿಗೆ ಹೊಸ ಆಹಾರ, ಸ್ನಾನ ಎರಡನ್ನೂ ಈಗಲೇ ಶುರು ಮಾಡಬಾರದು?

ಕಾಯಿಲೆ ಬಿದ್ದ ಹಕ್ಕಿಗೆ. ನಿನ್ನೆಯಷ್ಟೇ ಮನೆಗೆ ಬಂದ ಹಕ್ಕಿಗೂ ಒಂದೆರಡು ವಾರ ಹಳೆಯ ಕಾಳೇ ಇರಲಿ, ಮೊದಲು ಅದು ಪಂಜರಕ್ಕೆ, ನಿಮ್ಮ ದನಿಗೆ ಒಗ್ಗಿಕೊಳ್ಳಲಿ. ಪುಕ್ಕ ಪೂರ್ತಿ ಬಾರದ ಮರಿಗೆ ಸ್ನಾನ ಬೇಡ. ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಮೂಗಿನಲ್ಲಿ ನೀರಿದ್ದರೆ, ಪಂಜರದ ತಳದಲ್ಲಿ ಕೂತಿದ್ದರೆ ಅದು ಕಾಯಿಲೆ. ಅಂಥ ಹಕ್ಕಿಯನ್ನು ಬೆಚ್ಚಗಿಟ್ಟು ಹಕ್ಕಿಗಳನ್ನು ನೋಡುವ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ವಯಸ್ಸಾದ ಹಕ್ಕಿಗೆ ಎಲ್ಲವನ್ನೂ ಕಲಿಸಬಹುದು. ಹೆಜ್ಜೆ ಇನ್ನಷ್ಟು ನಿಧಾನ, ತೂಕದ ಮೇಲೆ ಇನ್ನಷ್ಟು ಕಣ್ಣು, ಅಷ್ಟೇ.

ಸ್ನಾನವಾದ ಮೇಲೆ ನಡುಗುತ್ತಿದೆ. ತಪ್ಪು ಮಾಡಿದೆನಾ?

ಸ್ವಲ್ಪ ಹೊತ್ತು ನಡುಗುವುದು ಸಹಜ. ಮೈ ಬಿಸಿ ಮಾಡಿಕೊಳ್ಳಲು, ನೀರು ಕೊಡವಲು ಅದು ಹಾಗೆ ಮಾಡುತ್ತದೆ. ಎಳೆ ಬಿಸಿಲು ಬೀಳುವ ಕಡೆ ಪಂಜರ ಇಡಿ, ಆದರೆ ಅರ್ಧಕ್ಕೆ ನೆರಳಿರಲಿ. ಟವೆಲಿನಿಂದ ಒರೆಸಲು ಹೋಗಬೇಡಿ. ಅದು ಗರಿ ತೀಡಲು ಶುರು ಮಾಡಿದರೆ ಎಲ್ಲ ಸರಿಯಿದೆ. ಒಂದು ಗಂಟೆ ಕಳೆದರೂ ನಡುಕ ನಿಲ್ಲದೆ, ಉಬ್ಬಿಕೊಂಡು ಕಣ್ಣು ಮುಚ್ಚಿ ಕೂತಿದ್ದರೆ ಕೋಣೆ ಬೆಚ್ಚಗೆ ಮಾಡಿ ಡಾಕ್ಟರಿಗೆ ಫೋನ್ ಮಾಡಿ. ಹಾಗಾಗುವುದು ಅಪರೂಪ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಅದು ಕೆಳಗಿಳಿದು, ಸ್ನಾನಕ್ಕೆ ಹಾಸಿದ್ದ ಎಲೆಯಲ್ಲಿ ಉಳಿದದ್ದನ್ನು ತಿನ್ನುತ್ತಿರುತ್ತದೆ.